ಬೀಗರ ಮುಂದೆ ಗಾಳ ಬೀಸಿದ್ದು

ನಾನು ಸುಳ್ಳುಗಾರನಲ್ಲ. ಎದುರಿಗೆ ಕೂತವರು ಸುಮ್ಮನಾದರೆ ನನಗೆ ಕೈಕಾಲು ಆಡುವುದಿಲ್ಲ. ಆಗ ಬಾಯಿಯೇ ಏನಾದರೊಂದು ಆಡಿಬಿಡುತ್ತದೆ, ಅಷ್ಟೇ.

ಮಗಳ ಮದುವೆ ಗೊತ್ತಾದ ಮೇಲೆ ಬೀಗರು ಮೊದಲ ಸಲ ನಮ್ಮ ಮನೆಗೆ ಬಂದಿದ್ದರು. ಅವರು ಹಲ್ಲಿನ ಡಾಕ್ಟರು. ಎದುರಿನವರ ಬಾಯಿ ತೆರೆಸಿ ತಾವು ಬಾಯಿ ಮುಚ್ಚಿಕೊಂಡಿರುವುದು ಅವರ ಕಸುಬು. ನಾನೋ ಗಡಿಯಾರ ರಿಪೇರಿಯವನು. ಹತ್ತು ನಿಮಿಷ ನಮ್ಮ ಪರವಾಗಿ ಗೋಡೆ ಗಡಿಯಾರವೇ ಮಾತಾಡಿತು. ಕೊನೆಗೆ ಅವರು, "ಭಾನುವಾರ ಬಂದ್ರೆ ನಾನು ಕೆರೆಗೆ ಹೋಗ್ತೀನಿ. ನೊಣದ ಗಾಳ ಹಾಕೋಕೆ" ಎಂದರು.

"ಓಹೋ, ನನಗೂ ಅದೇ ಹುಚ್ಚು" ಎಂದೆ.

ಕಾಫಿ ಲೋಟ ಇಡುತ್ತಿದ್ದ ನನ್ನವಳ ಕೈ ಅಲ್ಲೇ ನಿಂತಿತು. (ಮೀನನ್ನು ನಾನು ತಟ್ಟೆಯಲ್ಲಲ್ಲದೆ ಬೇರೆಲ್ಲೂ ಮುಖಾಮುಖಿ ಭೇಟಿಯಾದವನಲ್ಲ.) ಬೀಗರ ಮುಖ ಮಾತ್ರ ಊರಗಲವಾಯಿತು. "ಹಾಗಾದ್ರೆ ಬರೋ ತಿಂಗಳು ಮೊದಲನೇ ಭಾನುವಾರ ಒಟ್ಟಿಗೆ ಹೋಗೋಣ. ಬೀಗಿತ್ತಿಯವರೂ ಬರಲಿ" ಎಂದು ಎದ್ದರು.

ಬಾಗಿಲು ಹಾಕಿದ ಮೇಲೆ ನನ್ನವಳು ಹೇಳಿದ್ದು ಇಷ್ಟೇ: "ಮಗಳು ಹೋಗಿ ಬಾಳಬೇಕಾದ ಮನೆ ಅದು. ಅಪ್ಪ ಬುರುಡೆ ಬಿಡ್ತಾರೆ ಅಂತ ಮೊದಲನೇ ತಿಂಗಳೇ ಗೊತ್ತಾಗೋದು ಬೇಡ. ಕಲೀರಿ."

ಮಾರನೇ ದಿನವೇ ಗಾಳದ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಅಜ್ಞಾನವನ್ನು ಕಣ್ಣಲ್ಲೇ ಅಳೆದು ಪಾಠ ಶುರು ಮಾಡಿದ. ಕೊಕ್ಕೆಗೆ ಗರಿ, ದಾರ ಸುತ್ತಿ ನೊಣದಂತೆ ಸಿಂಗರಿಸಿರುತ್ತಾರೆ; ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ದಪ್ಪ ದಾರವನ್ನೇ ಕೋಲಿನಿಂದ ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ನೆಟ್ಟಗಾಗುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು.

"ಮೊದಲಿಗೆ ಕೆರೆ ಬೇಡ ಸಾರ್, ಕೊಕ್ಕೇನೂ ಬೇಡ. ತುದಿಗೆ ಒಂದು ಉಣ್ಣೆ ಎಳೆ ಕಟ್ಕೊಂಡು ಹುಲ್ಲಿನ ಮೇಲೆ ಬೀಸಿ. ಗಡಿಯಾರ ಇದೆ ಅಂದ್ಕೊಳ್ಳಿ. ಕೋಲು ಹತ್ತು ಗಂಟೆಗೂ ಒಂದು ಗಂಟೆಗೂ ನಡುವೆ ಮಾತ್ರ ಆಡಬೇಕು."

ಗಡಿಯಾರ ಎಂದ ಕೂಡಲೇ ನನಗೆ ಅರ್ಧ ವಿದ್ಯೆ ಬಂದಷ್ಟು ಧೈರ್ಯವಾಯಿತು. ಕೋಲು ಹೆಗಲ ಮೇಲಿಟ್ಟುಕೊಂಡು ದಂಡಯಾತ್ರೆ ಗೆದ್ದ ಅರಸನಂತೆ ಮನೆಗೆ ಬಂದೆ. ನನ್ನವಳು ಅಡಿಯಿಂದ ತುದಿಯವರೆಗೆ ಅದನ್ನು ನೋಡಿದಳು.

"ಇಷ್ಟು ದಿನ ಅಂಗಡೀಲಿ ಬರೀ ಕೈಯಲ್ಲಿ ನೊಣ ಹೊಡೀತಿದ್ರಿ. ಈಗ ಅದಕ್ಕೂ ಒಂದು ಕೋಲು ಬಂತಾ?"

ಹಿತ್ತಲಲ್ಲಿ ಅಭ್ಯಾಸ ಆರಂಭವಾಯಿತು. ಮೊದಲ ಬೀಸಿಗೆ ದಾರ ನನ್ನ ಕತ್ತಿಗೆ ಎರಡು ಸುತ್ತು ಬಂತು. ಎರಡನೆಯದಕ್ಕೆ ಒಣಗಲು ಹಾಕಿದ್ದ ಬೆಡ್‌ಶೀಟು ಕೆಳಗೆ ಬಂತು. ಮೂರನೆಯ ಬೀಸಿನ ಉಣ್ಣೆ ಎಲ್ಲಿಗೆ ಹೋಯಿತೆಂದು ನಾನು ಹುಡುಕುತ್ತಿರುವಾಗ ಕಾಂಪೌಂಡಿನ ಆಚೆಯಿಂದ ನಿವೃತ್ತ ಪೋಸ್ಟ್ ಮಾಸ್ತರರು ತಣ್ಣಗೆ ಕೇಳಿದರು: "ಸ್ವಾಮಿ, ನನ್ನ ಕಾಫಿಯಲ್ಲಿ ಬಿದ್ದಿರೋದು ನಿಮ್ಮದಾ?"

ಒಂದು ವಾರದಲ್ಲಿ ಅದು ಗಾಳವಾಗಿ ಉಳಿಯಲಿಲ್ಲ, ಗೋಳಾಯಿತು. ನನ್ನವಳು ಶಾಲೆಯಲ್ಲಿ ಡ್ರಿಲ್ ಟೀಚರು. ನಾಲ್ಕು ನೂರು ಮಕ್ಕಳ ಎಂಟು ನೂರು ಕೈಗಳನ್ನು ಒಂದೇ ಸಲ ಎತ್ತಿಸಿ ಇಳಿಸುವವಳು. ಅಡುಗೆಮನೆಯ ಕಿಟಕಿಯಿಂದ ಅವಳು ಎಷ್ಟು ದಿನ ಸಹಿಸಿಯಾಳು? ಎಂಟನೆಯ ದಿನ ಕೈ ಒರೆಸಿಕೊಂಡು ಹೊರಗೆ ಬಂದಳು.

"ನಿಮ್ಮ ತಪ್ಪು ಎರಡು. ಒಂದು, ಮಣಿಕಟ್ಟು ಕುಣಿಸ್ತೀರಿ."

"ಇಪ್ಪತ್ತೇಳು ವರ್ಷ ನಮಗೆ ಅನ್ನ ಹಾಕಿದ ಮಣಿಕಟ್ಟು ಕಣೇ ಇದು."

"ಅದು ವಾಚಿಗೆ. ಇದಕ್ಕೆ ಮೊಣಕೈ ಸಾಕು. ಎರಡನೇದು, ದಾರ ಹಿಂದೆ ಹೋಗಿ ಮುಟ್ಟೋಕೆ ಮುಂಚೇನೇ ಎಳ್ಕೋತೀರಿ. ಅದು ಪಾಪ, ಅರ್ಧ ದಾರೀಲಿ ಏನು ಮಾಡ್ಬೇಕು?"

"ನಾನು ಎಣಿಸ್ಕೊಂಡೇ ಬೀಸ್ತಿದ್ದೀನಿ."

"ಎಣಿಸೋದು ಬೇಡ, ಕಾಯಿರಿ. ಮದುವೆಯಾದಾಗಿನಿಂದ ನನ್ನ ಒಂದು ಮಾತನ್ನಾದ್ರೂ ಮುಗಿಯೋವರೆಗೆ ಕಾದಿದ್ದೀರಾ?"

"ಅದು ಹಾಗಲ್ಲ..."

"ನೋಡಿ, ಇನ್ನೂ ಮುಗಿಸಿರಲಿಲ್ಲ ನಾನು."

ಅಂದೇ ನನ್ನ ಮಣಿಕಟ್ಟನ್ನು ಹಳೆಯ ರಿಬ್ಬನ್ನಿನಿಂದ ಕೋಲಿನ ಹಿಡಿಗೆ ಕಟ್ಟಿದಳು. ಮೊಣಕೈ ದೂರ ಹೋಗದಂತೆ ಕಂಕುಳಲ್ಲಿ ನಿಘಂಟು ಇರುಕಿಸಿದಳು. (ಅದಕ್ಕಿಂತ ಮೊದಲು ಆ ನಿಘಂಟು ನನ್ನ ದೇಹದ ಇಷ್ಟು ಹತ್ತಿರ ಬಂದದ್ದಿಲ್ಲ.) ತಾನು ಜಗಲಿಯ ಮೇಲೆ ನಿಂತು ಸೀಟಿ ಹಿಡಿದಳು. ಒಂದು ಸೀಟಿಗೆ ಹಿಂದಕ್ಕೆ. ತಡೆದು, ಇನ್ನೊಂದಕ್ಕೆ ಮುಂದಕ್ಕೆ. ಮೂರನೆಯ ವಾರದ ಹೊತ್ತಿಗೆ ದಾರ ಹಾವಿನಂತೆ ಸುರುಳಿ ಬಿಚ್ಚಿ, ಇಪ್ಪತ್ತು ಅಡಿ ಆಚೆ ಇಟ್ಟ ಬಕೆಟ್ಟಿನಲ್ಲಿ ಉಣ್ಣೆ ಮೆಲ್ಲಗೆ ಇಳಿಯಿತು. ಪೋಸ್ಟ್ ಮಾಸ್ತರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ನಿಗದಿಯಾದ ಭಾನುವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಬೀಗರು ಮೊಣಕಾಲುದ್ದದ ಬೂಟು, ಅಗಲ ಟೋಪಿ ಹಾಕಿಕೊಂಡು ಕಾಯುತ್ತಿದ್ದರು. "ನೀವು ಮೊದಲು" ಎಂದು ಗೌರವದಿಂದ ಜಾಗ ಬಿಟ್ಟರು. ನಾನು ಗತ್ತಿನಿಂದ ಕೋಲೆತ್ತಿದೆ. ದಾರ ಹಿಂದಕ್ಕೆ ಹೋಯಿತು. ಆಗ ಒಂದು ಭಯಂಕರ ಸತ್ಯ ಹೊಳೆಯಿತು: ಇಲ್ಲಿ ಸೀಟಿ ಇಲ್ಲ. ಸೀಟಿ ಇಲ್ಲದೆ ನನ್ನ ಕೈ ಮುಂದಕ್ಕೆ ಬರಲೊಲ್ಲದು. ದಾರ ಹಿಂದೆ ಹುಲ್ಲಿನ ಮೇಲೆ ಬಿದ್ದು ಮಲಗಿದ ಮೇಲೂ ನಾನು ಕೋಲೆತ್ತಿಕೊಂಡು ಕಲ್ಲುಗಂಬದ ಹಾಗೆ ನಿಂತಿದ್ದೆ.

"ಏನು ನೋಡ್ತಿದ್ದೀರಿ?" ಎಂದರು ಬೀಗರು.

"ಗಾಳಿ" ಎಂದೆ.

ಚಾಪೆಯ ಮೇಲೆ ಕೂತಿದ್ದ ನನ್ನವಳಿಗೆ ಅರ್ಥವಾಯಿತು. ಕೆಮ್ಮಿದಳು. ಕೋಲು ಹಿಂದಕ್ಕೆ. ಮತ್ತೆ ಕೆಮ್ಮಿದಳು. ಮುಂದಕ್ಕೆ. ನೊಣ ನೀರಿನ ಮೇಲೆ ಹೂವಿನಂತೆ ಕೂತಿತು. ಬೀಗರು "ಭೇಷ್" ಎಂದರು. ಹೀಗೆ ನಾಲ್ಕು ಬೀಸು ನಿರ್ವಿಘ್ನವಾಗಿ ನಡೆಯಿತು. ಐದನೆಯದಕ್ಕೆ ದಾರ ಹಿಂದಕ್ಕೆ ಹೋಗಿದ್ದಾಗ ಬೀಗರ ವೈದ್ಯಹೃದಯ ಕರಗಿತು.

"ಎಷ್ಟು ಹೊತ್ತಿಂದ ಕೆಮ್ತಿದ್ದೀರಿ, ಇದನ್ನ ಬಾಯಲ್ಲಿ ಹಾಕ್ಕೊಳ್ಳಿ" ಎಂದು ಜೇಬಿನಿಂದ ಗಂಟಲಿನ ಗುಳಿಗೆ ತೆಗೆದು ಕೊಟ್ಟೇಬಿಟ್ಟರು. ಬೀಗರು ಎದುರಿಗೆ ನಿಂತು ಕೊಟ್ಟ ಗುಳಿಗೆಯನ್ನು ಉಗುಳುವುದು ಹೇಗೆ? ಅವಳು ಚೀಪುತ್ತ ಕೂತಳು. ಕೆಮ್ಮು ನಿಂತಿತು. ನಾನು ಗಾಬರಿಯಲ್ಲಿ ಬಲವಾಗಿ ಬೀಸಿದೆ. ಏನೋ ನನ್ನ ಅಂಗಿಯ ಕತ್ತಿನ ಪಟ್ಟಿಯನ್ನು ಹಿಂದಿನಿಂದ ಹಿಡಿದೆಳೆಯಿತು. ಈ ಸಲ ತುದಿಯಲ್ಲಿದ್ದದ್ದು ಉಣ್ಣೆಯಲ್ಲ, ಕೊಕ್ಕೆ.

"ಅಲ್ಲಾಡ್ಬೇಡಿ" ಎಂದು ಬೀಗರು ಓಡಿ ಬಂದರು. "ಒಂದೇ ನಿಮಿಷ. ದೊಡ್ಡದಾಗಿ ಬಾಯಿ ತೆರೀರಿ." ಅವರು ಅಭ್ಯಾಸಬಲದಿಂದ ಹೇಳಿದರು, ನಾನು ಅಭ್ಯಾಸಬಲದಿಂದ ತೆರೆದೆ. ಕತ್ತಿನ ಹಿಂದೆ ಕೊಕ್ಕೆ, ಮುಂದೆ ಆ ಎಂದು ಬಾಯಿ. ದಂಡೆಯ ಮೇಲೆ ಎಳೆದು ಹಾಕಿದ ಮೀನಿಗೂ ನನಗೂ ಮೀಸೆಯಷ್ಟೇ ವ್ಯತ್ಯಾಸ.

ಕೊಕ್ಕೆ ಬಿಡಿಸಿಕೊಂಡ ಮೇಲೆ ನಾನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. "ನನಗೆ ಇದು ಬರಲ್ಲ. ಆವತ್ತು ಸುಮ್ನೆ ಅಂದ್ಬಿಟ್ಟೆ. ದಯವಿಟ್ಟು ಮಗಳ ಮೇಲೆ..."

"ಗೊತ್ತು" ಎಂದರು ಬೀಗರು. "ನಿಮ್ಮ ಮಗಳು ಆವತ್ತು ಸಂಜೇನೇ ಫೋನ್ ಮಾಡಿ ಹೇಳಿದ್ಳು. ಅಪ್ಪ ಒಳ್ಳೆಯವರು, ನೀವು ಸುಮ್ಮನಿದ್ರೆ ಗಾಬರಿಯಾಗಿ ಏನೇನೋ ಮಾತಾಡ್ತಾರೆ, ತಪ್ಪು ತಿಳ್ಕೋಬೇಡಿ ಅಂತ. ನನಗೆ ಗೊತ್ತಿಲ್ಲದ್ದು ಒಂದೇ, ನಿಮಗೆ ಯಾರು ಕಲಿಸಿದ್ದು? ನಾಲ್ಕು ಬೀಸು ಚೆನ್ನಾಗಿತ್ತು."

ನಾನು ಚಾಪೆಯ ಕಡೆ ಕೈ ತೋರಿಸಿದೆ. ಬೀಗರು ತಮ್ಮ ಕೋಲನ್ನೇ ಅವಳ ಕೈಗೆ ಕೊಟ್ಟರು. ಅವಳು ಗುಳಿಗೆಯನ್ನು ಕೆನ್ನೆಯ ಆಚೆ ಬದಿಗೆ ಸರಿಸಿ, ಒಮ್ಮೆ ಹಿಂದಕ್ಕೆ ಬೀಸಿ, ಕಾದು, ಮುಂದಕ್ಕೆ ಬಿಟ್ಟಳು. ಮೊಳದುದ್ದದ ಮೀನು ನೀರಿನಿಂದೆದ್ದು ಬಂತು.

ಈಗ ಪ್ರತಿ ಭಾನುವಾರ ಬೀಗರ ಫೋನು ಬರುತ್ತದೆ, ಅವಳಿಗೆ. ಅವರಿಬ್ಬರೂ ಗಂಟೆಗಟ್ಟಲೆ ಒಂದು ಮಾತಿಲ್ಲದೆ ಬೀಸುತ್ತ ನಿಲ್ಲುತ್ತಾರೆ. ನನಗೂ ಕೆಲಸವಿದೆ. ಬಿಸಿಲು ಏರಿದ ಮೇಲೆ ಅವಳ ಹಿಂದೆ ಛತ್ರಿ ಹಿಡಿಯುತ್ತೇನೆ. ಮೊನ್ನೆ ಬೀಗರು ತಾವಾಗಿಯೇ ನನ್ನನ್ನು ಮಾತಾಡಿಸಿದರು.

"ಸ್ವಲ್ಪ ಎಡಕ್ಕೆ ಹಿಡೀರಿ. ನಿಮ್ಮ ನೆರಳು ನೀರಿಗೆ ಬಿದ್ದು ಮೀನು ಓಡ್ತಿವೆ."