ಮಾವ ಮೊದಲೇ ನೋಡಿ ಬಂದ ಸಮುದ್ರ

ನಮ್ಮ ಮಾವನನ್ನು ದಯವಿಟ್ಟು ಯಾರೂ ಪ್ರವಾಸಕ್ಕೆ ಕರೆಯಬೇಡಿ. ಕರೆದರೆ ನೀವು ಹೊರಡುವಷ್ಟರಲ್ಲಿ ಅವರು ಆ ಊರಿಗೆ ಹೋಗಿ ವಾಪಸ್ ಬಂದಿರುತ್ತಾರೆ!

ಮಾವ ಎಂದರೆ ನನ್ನ ಅಮ್ಮನ ತಮ್ಮ. ಮಾರಂಡಹಳ್ಳಿಯ ಆಚೆ ಕುರಿ ಸಾಕಿಕೊಂಡಿದ್ದಾರೆ. ಕುರಿಯವರಲ್ಲಿ ಒಂದು ರೂಢಿಯಿದೆ. ಮಂದೆಯನ್ನು ಹೊಸ ಜಾಗಕ್ಕೆ ಹೊಡೆಯುವ ಮೊದಲು ಒಬ್ಬರು ಮುಂದಾಗಿ ಹೋಗಿ ಹುಲ್ಲು ಇದೆಯೇ, ನೀರು ಇದೆಯೇ, ನಾಯಿಗಳ ಕಾಟ ಎಷ್ಟು, ಹೊಲದವರ ಮನಸ್ಸು ಹೇಗೆ ಎಂದು ನೋಡಿಕೊಂಡು ಬರಬೇಕು. ಕುರಿಗಳ ಮಟ್ಟಿಗೆ ಬಹಳ ಒಳ್ಳೆಯ ಪದ್ಧತಿ. ಆದರೆ ಅಕ್ಕನ ಸಂಸಾರವೂ ಒಂದು ಮಂದೆ ಎಂದು ಮಾವ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ. ನನಗೆ ಗಂಡು ಗೊತ್ತು ಮಾಡುವ ಮೊದಲು ಆ ಊರಿನ ಟೀ ಅಂಗಡಿಯಲ್ಲಿ ಇಡೀ ದಿನ ಕೂತು ಬಂದು, "ನೀರು ಚೆನ್ನಾಗೈತೆ. ಉಡುಗನೂ ಪರವಾಗಿಲ್ಲ" ಎಂದು ವರದಿ ಒಪ್ಪಿಸಿದವರು ಅವರು. ತನ್ನ ವಿಷಯ ನೀರಿನ ನಂತರ ಬಂತಲ್ಲ ಎಂದು ನನ್ನ ಗಂಡನಿಗೆ ಇಂದಿಗೂ ಬೇಸರ.

ಓಮಲೂರಿನಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಾಗಲೂ ಅಷ್ಟೆ. ನಾನು ಸೇರುವ ಹಿಂದಿನ ದಿನವೇ ಮಾವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೋಗಿ, ಶಾಲೆಯನ್ನು ಒಂದು ಸುತ್ತು ಹಾಕಿ, ಸೀದಾ ಹೆಡ್‌ಮಿಸ್ಟ್ರೆಸ್ ಕೋಣೆಗೆ ನುಗ್ಗಿದ್ದಾರೆ. ಹಿಂದಿನ ಗೋಡೆ ಕುಸಿದಿದೆ, ಮುಳ್ಳು ಕಡಿದು ಹಾಕಿಸಿ, ಇಲ್ಲದಿದ್ದರೆ ನಿಮ್ಮ ಮಕ್ಕಳು ಅಲ್ಲಿಂದ ಚದುರಿ ಹೋಗುತ್ತವೆ ಎಂದು ಬುದ್ಧಿ ಹೇಳಿ ಬಂದಿದ್ದಾರೆ. ಮರುದಿನ ನಾನು ಹೊಸ ಸೀರೆಯುಟ್ಟು ಹೋಗಿ ನಿಂತರೆ ಹೆಡ್‌ಮಿಸ್ಟ್ರೆಸ್ ಮೊದಲು ಕೇಳಿದ್ದೇ, ನಿನ್ನೆ ನಿಮ್ಮ ಹೆಸರು ಹೇಳಿಕೊಂಡು ಬಂದಿದ್ದ ಆ ಕಂಬಳಿಯ ಮನುಷ್ಯ ಯಾರು ಎಂದು. ಭೂಮಿ ಬಾಯಿ ಬಿಡಲಿಲ್ಲ, ನಾನು ಬಿಡಬೇಕಾಯಿತು. "ಎಂಗ ಊರುಕಾರರ್, ಮೇಡಂ" ಎಂದೆ ತಮಿಳಿನಲ್ಲಿ. ನಮ್ಮೂರಿನವರು. ಸುಳ್ಳೇನಲ್ಲ ಬಿಡಿ! ಅವರೂ ನಮ್ಮೂರಿನವರೇ ತಾನೆ?

ಈಗ ಸಮುದ್ರದ ವಿಷಯಕ್ಕೆ ಬರುತ್ತೇನೆ. ಈ ಸಲ ಶುಕ್ರವಾರ ರಜೆ ಬಂದು, ಅದರ ಬಾಲಕ್ಕೆ ಶನಿವಾರ, ಭಾನುವಾರ ಅಂಟಿಕೊಂಡಿದ್ದವು. ಪಾಂಡಿಚೇರಿ ದಾಟಿ ಒಂದು ಮೀನುಗಾರರ ಊರಿಗೆ ವ್ಯಾನ್ ಮಾಡಿಕೊಂಡು ಹೋಗೋಣ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದರು. ಅವರು ಮತ್ತು ಅವರ ಯಜಮಾನರು, ನಾನು ಮತ್ತು ನನ್ನ ಗಂಡ. ಜೊತೆಗೆ ಅಮ್ಮ. ಅಮ್ಮನಿಗೆ ಮಂಡಿನೋವು, ಮಣ್ಣಿನ ಹಾದಿಯಲ್ಲೇ ತಡವರಿಸುತ್ತಾಳೆ. ಮರಳಲ್ಲಿ ಹೇಗೆ ನಡೆದಾಳು ಎಂದು ಎಲ್ಲರಿಗೂ ಅನುಮಾನ. ಆದರೆ ಅವಳು ಹುಟ್ಟಿದಾಗಿನಿಂದ ಸಮುದ್ರ ನೋಡಿಲ್ಲ. "ಕಾಲು ಪೂರಾ ಬಿದ್ದೋಗಕ್ಕೆ ಮುಂಚೆ ಒಂದ್ಸಲ ಅದ್ರಾಗೆ ನಿಂತ್ಕಬೇಕು ಕಣೆ" ಎಂದಳು. ಅಮ್ಮ ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ತಮ್ಮ ಬರದೆ ಅಮ್ಮ ಹೊರಡುವವಳಲ್ಲ. ನೋಡಿ ಬರದೆ ತಮ್ಮ ಬಿಡುವವರಲ್ಲ. ನಾನು ಫೋನಿನಲ್ಲಿ ಆ ಊರಿನ ವಿಡಿಯೋ ಇದೆ, ನೋಡಿ ಎಂದು ಮುಂದೆ ಹಿಡಿದೆ.

ಮಾವ ತಕ್ಷಣ ಮುಖ ಆಚೆ ತಿರುಗಿಸಿಕೊಂಡರು. "ಎತ್ತು ಅತ್ಲಾಗೆ. ಇದ್ರಾಗೆ ವಾಸನೆ ಬತ್ತದ? ನೆಲ ಕಾಲಿಗೆ ಸಿಗ್ತದ? ನಾನೇ ಓಗಿ ಬತ್ತೀನಿ ಕೂಸೇ."

ರಾಗಿಮುದ್ದೆ ಕಟ್ಟಿಕೊಂಡು ಬಸ್ಸು ಹತ್ತಿಯೇಬಿಟ್ಟರು. ಹೋಗಿ ಬಂದವರು ನೇರವಾಗಿ ನಮ್ಮ ಮನೆಗೆ ಬಂದರೆ, ವ್ಯಾನಿನ ಮಾತಿಗೆಂದು ಹೆಡ್‌ಮಿಸ್ಟ್ರೆಸ್ ಅಲ್ಲೇ ಕೂತಿರಬೇಕೆ? ಮಾವ ಕಂಬಳಿ ಹಾಸಿ ನೆಲದ ಮೇಲೆ ಕೂತು ವರದಿ ಶುರು ಮಾಡಿದರು. ಸಿಹಿನೀರಿನ ನಲ್ಲಿ ಗುಡಿಯ ಹಿಂದಿದೆ. ನಾಯಿಗಳು ಬಹಳ, ಆದರೆ ಸೋಮಾರಿಗಳು. ಕಕ್ಕಸಿನ ಚಿಲಕ ಒಳಗಿನಿಂದ ಕೂರುವುದಿಲ್ಲ, ಹೆಂಗಸರು ಹೋದಾಗ ಯಾರಾದರೂ ಹೊರಗೆ ನಿಂತು ಕೆಮ್ಮುತ್ತಿರಬೇಕು. ಇಷ್ಟು ಹೇಳಿ ಹೆಡ್‌ಮಿಸ್ಟ್ರೆಸ್ ಕಡೆ ನೋಡಿ, "ನೀವು ಓದಾಗ ನಾನೇ ಕೆಮ್ತೀನಿ ಬಿಡಿ" ಎಂದು ಭರವಸೆ ಕೊಟ್ಟರು. ನನಗೆ ಅಡುಗೆಮನೆಯಲ್ಲಿ ತುರ್ತು ಕೆಲಸ ನೆನಪಾಯಿತು.

ಕನ್ನಡ ಅಷ್ಟಿಷ್ಟು ತಿಳಿಯುವ ಹೆಡ್‌ಮಿಸ್ಟ್ರೆಸ್ ನಗು ತಡೆದುಕೊಂಡು, ಸಮುದ್ರ ಹೇಗಿದೆ ಎಂದು ತಮಿಳಿನಲ್ಲಿ ಕೇಳಿದರು.

ಮಾವ ಕಂಬಳಿಯ ಅಂಚು ಎಳೆದು ಸರಿಮಾಡಿದರು. "ಐತೆ" ಎಂದರು.

"ಎಂಗೈತೆ ಹೇಳ್ಲಾ" ಎಂದಳು ಅಮ್ಮ, ಆಸೆಯಿಂದ.

"ಸದ್ದು ಚೆನ್ನಾಗೈತೆ ಅಕ್ಕ."

ಅಷ್ಟು ದೂರ ಹೋಗಿ ಕಕ್ಕಸಿನ ಚಿಲಕ ನೋಡಿಕೊಂಡು ಬಂದಿದ್ದಾರೆ, ಸಮುದ್ರದ ಬಗ್ಗೆ ಬಾಯಿಗೆ ಒಂದು ಮಾತಿಲ್ಲ! ಹೆಡ್‌ಮಿಸ್ಟ್ರೆಸ್ ಹೊರಡುವಾಗ ಮೆತ್ತಗೆ ತಮಿಳಿನಲ್ಲಿ, ಇವರೂ ಬರುತ್ತಾರೆಯೇ, ನಿಮಗೆ ಏನಾಗಬೇಕು ಎಂದರು. ಊರಿನವರು, ಅಮ್ಮನಿಗೆ ಆಸರೆಗೆ ಬರುತ್ತಿದ್ದಾರೆ ಎಂದೆ. ಮಾವ ಬಾಗಿಲ ಬಳಿಯೇ ಕಂಬಳಿ ಮಡಚುತ್ತಿದ್ದರು. ಅವರಿಗೆ ತಮಿಳು ನನ್ನಷ್ಟೇ ಬರುತ್ತದೆ.

ವ್ಯಾನ್ ಹೊರಟ ದಿನ ಮಾವ ಬಾಗಿಲ ಪಕ್ಕದ ಸೀಟು ಹಿಡಿದು, ಹತ್ತಿದವರನ್ನೆಲ್ಲ ಮುಖ ನೋಡಿ ಒಳಗೆ ಬಿಟ್ಟರು. ಉಳುಂದೂರ್‌ಪೇಟೆಯಲ್ಲಿ ಟೀಗೆ ನಿಲ್ಲಿಸಿದಾಗ ಹೆಡ್‌ಮಿಸ್ಟ್ರೆಸ್ ಯಜಮಾನರು ಫೋನಿನಲ್ಲಿ ಮಾತಾಡುತ್ತಾ ರಸ್ತೆಗುಂಟ ಎಲ್ಲೋ ಹೋಗಿಬಿಟ್ಟರು. ನಾವು ಹೆಸರು ಹಿಡಿದು ಕೂಗಿದೆವು, ಡ್ರೈವರ್ ಹಾರನ್ ಹೊಡೆದ, ಏನೂ ಪ್ರಯೋಜನವಾಗಲಿಲ್ಲ. ಮಾವ ಕೆಳಗಿಳಿದು, ನಾಲಿಗೆ ಮಡಚಿ, ತಪ್ಪಿಸಿಕೊಂಡ ಟಗರನ್ನು ಕರೆಯುವ ದನಿ ಹೊರಡಿಸಿದರು. ಇಡೀ ಬಸ್‌ಸ್ಟ್ಯಾಂಡ್ ತಿರುಗಿ ನೋಡಿತು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಯಜಮಾನರು ಬಂದರು. ಓಡಿಕೊಂಡು ಬಂದರು!

"ಎಲ್ರೂ ಬಂದ್ರು, ಓಗ್ಬೋದು ಟೀಚರಮ್ಮ" ಎಂದರು ಮಾವ ನನ್ನ ಕಡೆ ನೋಡದೆ.

ಆ ಮಾತು ಎಲ್ಲೋ ಚುಚ್ಚಿತು. ತೊಟ್ಟಿಲಿನಿಂದ ನನ್ನನ್ನು 'ಕೂಸೇ' ಎಂದು ಕರೆದವರು ಅವರು. ಊರಿನವರಾದ ಮೇಲೆ ಊರಿನವರು ಕರೆಯುವಂತೆಯೇ ಕರೆಯಬೇಕಲ್ಲ, ಅದನ್ನೂ ಸರಿಯಾಗಿ ಪಾಲಿಸುತ್ತಿದ್ದರು. ಉಳಿದ ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೇ ನೋಡುತ್ತಾ ಕೂತೆ.

ಊರು ತಲುಪಿ ಸಮುದ್ರದ ಕಡೆ ಇಳಿದಾಗ ಮಾವ ಅಮ್ಮನ ಎರಡೂ ಕೈ ಹಿಡಿದುಕೊಂಡು, ಅವಳಿಗೆ ಎದುರಾಗಿ, ಹಿಂದು ಹಿಂದಕ್ಕೆ ನಡೆಯತೊಡಗಿದರು. ಬೆನ್ನು ಸಮುದ್ರಕ್ಕೆ, ಮುಖ ಅಕ್ಕನಿಗೆ. ಅಮ್ಮನಿಗೆ ಮರಳು ಹೊಸದು, ತಲೆ ಬಗ್ಗಿಸಿ ತನ್ನ ಪಾದಗಳನ್ನೇ ನೋಡಿಕೊಂಡು ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮಾವ ಎರಡು ಸಲ ಎಡವಿದರು, ಐಸ್‌ಕ್ರೀಂ ತಿನ್ನುತ್ತಿದ್ದವರನ್ನು ಬೆನ್ನಿನಿಂದ ಗುದ್ದಿದರು, ಆದರೂ ತಿರುಗಲಿಲ್ಲ. ಜನ ನಗತೊಡಗಿದರು. ಹೆಡ್‌ಮಿಸ್ಟ್ರೆಸ್ ಫೋನ್ ತೆಗೆದು ವಿಡಿಯೋ ಮಾಡುತ್ತಿದ್ದರು.

ನಾನು ಓಡಿಹೋಗಿ ಪಿಸುಗುಟ್ಟಿದೆ. "ಮಾವ, ತಿರುಗಿ ನಡೀರಿ. ಎಲ್ರೂ ನೋಡ್ತಾವ್ರೆ."

"ನಾನಿನ್ನ ನೋಡಿಲ್ಲ ಟೀಚರಮ್ಮ."

"ಮೊನ್ನೆ ಬಂದಿದ್ರಲ್ಲ?"

"ಬಂದಿದ್ದೆ. ಬೆನ್ನು ಮಾಡ್ಕೊಂಡು ನಿಂತಿದ್ದೆ." ಮಾವನಿಗೆ ನಾಚಿಕೆಯಾದಂತಿತ್ತು, ದನಿ ತಗ್ಗಿಸಿದರು. "ಅವ್ವ ತೀರ್ಕೊಂಡಾಗ ನಾನು ಮೊಲೆ ಕುಡಿಯೋ ಮಗ. ಅಕ್ಕ ಒತ್ಕೊಂಡು ಸಾಕಿದ್ಳು. ಸೀಬೆ ಅಣ್ಣಾಗ್ಲಿ, ಅವರೆಕಾಯಾಗ್ಲಿ, ಮನೆಗೆ ಏನ್ ಬಂದ್ರೂ ಮೊದ್ಲು ನನ್ ಬಾಯಿಗೆ ಇಡವಳು. ಮಿಕ್ಕಿದ್ರೆ ಅವಳಿಗೆ. ಇದೊಂದಾದ್ರೂ ಅವಳೇ ಮೊದ್ಲು ನೋಡ್ಲಿ ಅಂತ."

ಅಮ್ಮನ ಹೆಜ್ಜೆ ನಿಂತಿತು. ಅಷ್ಟರಲ್ಲಿ ಅವರಿಬ್ಬರ ಪಾದಕ್ಕೂ ನೀರು ಬಂದು ತಾಗಿತ್ತು. ತಲೆಯೆತ್ತಿದ್ದರೆ ಸಾಕಿತ್ತು, ಇಡೀ ಸಮುದ್ರ ಎದುರಿಗಿತ್ತು. ಅಮ್ಮ ತಲೆಯೆತ್ತಿದಳು. ಆದರೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

"ನೀನು ನೋಡ್ಲಾ ಮೊದ್ಲು" ಎಂದಳು.

"ಕಣ್ ಬಿಡಕ್ಕ."

"ನೀನ್ ತಿರುಗ್ಲಾ."

ಒಬ್ಬರು ಸಮುದ್ರಕ್ಕೆ ಬೆನ್ನು ಹಾಕಿ, ಇನ್ನೊಬ್ಬಳು ಕಣ್ಣು ಮುಚ್ಚಿ, ಕೈ ಕೈ ಹಿಡಿದುಕೊಂಡು ಪಾದ ಮುಳುಗುವ ನೀರಿನಲ್ಲಿ ಜಗಳಕ್ಕೆ ನಿಂತರು. ಕಡೆಗೆ ಯಾರು ಸೋತರು, ಸಮುದ್ರವನ್ನು ಮೊದಲು ನೋಡಿದವರು ಯಾರು, ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನಾನೂ ಸಮುದ್ರಕ್ಕೆ ಬೆನ್ನು ಹಾಕಿದ್ದೆ. ಹೆಡ್‌ಮಿಸ್ಟ್ರೆಸ್ ಕಡೆಗೆ ತಿರುಗಿ, ಅಲೆಯ ಸದ್ದಿಗಿಂತ ಜೋರಾಗಿ, ಹಿಂದೆ ನಿಂತವರಿಗೂ ಕೇಳಿಸುವಂತೆ ಹೇಳುತ್ತಿದ್ದೆ:

"ಅವರ್ ಎಂಗ ಮಾಮಾ, ಮೇಡಂ. ನನ್ನ ಸ್ವಂತ ಮಾವ."