ಯಾವೂರು, ಯಾರ ಮನೆ?

ಹೊಸಬರನ್ನು ಕಂಡರೆ ಅವರ ಊರು ಯಾವುದು, ತವರು ಯಾವುದು ಎಂದು ತಿಳಿಯುವ ತನಕ ನನಗೆ ಸಮಾಧಾನವಿಲ್ಲ. ಬಸ್ಸಿನಲ್ಲಿ ಪಕ್ಕ ಕುಳಿತವರನ್ನು ಬಿಡಿ, ಟಿಕೆಟ್ ಹರಿಯುವ ಕಂಡಕ್ಟರನ್ನೂ ಕೇಳಿದ್ದೇನೆ. ನನ್ನ ಯಜಮಾನರಂತೂ ಈಗ ಬಸ್ಸು ಹತ್ತಿದ ಕೂಡಲೇ ನನ್ನಿಂದ ದೂರದ ಸೀಟು ಹುಡುಕುತ್ತಾರೆ. ಇದೇನು ದೊಡ್ಡ ತಪ್ಪಲ್ಲ ಎಂದೇ ನಾನು ತಿಳಿದಿದ್ದೆ, ವ್ಯಾಪಾರಕ್ಕೆ ಇಳಿಯುವವರೆಗೆ.

ನನ್ನದು ಗೂಡಿನ ಹಾರದ ವ್ಯಾಪಾರ. ಚಿಟ್ಟೆ ತೂತು ಮಾಡಿ ಹೊರಬಂದ ರೇಷ್ಮೆಗೂಡು ನೂಲಿಗೆ ಬರುವುದಿಲ್ಲ. ಅದನ್ನು ಕತ್ತರಿಸಿ, ಬಣ್ಣ ಹಾಕಿ, ಹಾರ ಪೋಣಿಸುತ್ತೇನೆ. ರಾಮನಗರದಲ್ಲಿ ನಮ್ಮ ನೆಂಟರ ಮನೆಗಳಲ್ಲಿ ನನ್ನ ಹಾರವಿಲ್ಲದ ದೇವರ ಫೋಟೊ ಇಲ್ಲ. ಒಂದಕ್ಕೂ ಕಾಸು ಬಂದಿಲ್ಲ. ನೆಂಟರಿಗೆ ಬೆಲೆ ಹೇಳುವುದು ಹೇಗೆ? ಬಂದವರಿಗೆಲ್ಲ ನಮ್ಮತ್ತೆ ಅರಿಶಿನ ಕುಂಕುಮದ ಜೊತೆಗೆ ಒಂದೊಂದು ಹಾರವನ್ನೂ ಕೊಟ್ಟು ಕಳಿಸುತ್ತಾರೆ. ನೆಂಟರಲ್ಲದ ಒಬ್ಬ ಗಿರಾಕಿಯಾದರೂ ಸಿಗದಿದ್ದರೆ ಅಂಗಡಿ ಮುಚ್ಚುವುದೇ ಸರಿ ಎಂದುಕೊಂಡು, ಜಿಲ್ಲೆಯ ಎಲ್ಲ ತಾಲ್ಲೂಕುಗಳ ಮಹಿಳಾ ಉದ್ಯಮಿಗಳ ಸಭೆಗೆ ಹೋದೆ.

ಸಭೆ ನಡೆಸಲು ಬಂದಿದ್ದ ಮೇಡಂ, ‘ಒಬ್ಬೊಬ್ಬರೂ ಒಂದು ನಿಮಿಷದಲ್ಲಿ ನಿಮ್ಮ ಉದ್ಯಮದ ಪರಿಚಯ ಹೇಳಿ’ ಎಂದರು. ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಮಾಡುವ ಹೆಂಗಸು ಮೊದಲು ಎದ್ದು ನಿಂತು ಹೆಸರು ಹೇಳಿ, ಬಾಯಿತಪ್ಪಿ ‘ನಮ್ ತೌರು ಕೈಲಾಂಚ’ ಎಂದಳು. ಹಿಂದಿನ ಸಾಲಿನಲ್ಲಿದ್ದ ಉಪ್ಪಿನಕಾಯಿ ಮಾರುವ ಅಜ್ಜಿ ಬಿಡುತ್ತಾರೆಯೇ? ‘ಕೈಲಾಂಚದಲ್ಲಿ ಯಾರ ಮನೆ ಕಣವ್ವಾ?’ ಎಂದರು. ಅಲ್ಲಿಗೆ ಉದ್ಯಮದ ಪರಿಚಯ ಮುಗಿಯಿತು. ಊಟದ ಹೊತ್ತಿಗೆ ಸಭೆಯಲ್ಲಿದ್ದವರೆಲ್ಲ ಅತ್ತೆ, ಅತ್ತಿಗೆ, ಚಿಕ್ಕಮ್ಮ ಆಗಿದ್ದರು. ಗೊಂಬೆಯವಳು ಬೆಲೆ ಹೇಳಲು ಬಾಯಿ ತೆರೆದರೆ ಅಜ್ಜಿ, ‘ಅಯ್ಯೋ, ನನ್ ತಂಗಿ ಮೊಮ್ಮಗಳು ನೀನು! ನನ್ನತ್ರ ದುಡ್ಡಿಸ್ಕೊಂಡೀಯಾ?’ ಎಂದರು. ಗೊಂಬೆ ಅಜ್ಜಿಯ ಚೀಲಕ್ಕೆ ಹೋಯಿತು, ಉಪ್ಪಿನಕಾಯಿ ಡಬ್ಬಿ ಇವಳ ಚೀಲಕ್ಕೆ ಬಂತು. ಮೇಡಂ ಮಾತ್ರ ಮೈಕು ಹಿಡಿದು ‘ಒಂದು ನಿಮಿಷ, ಒಂದು ನಿಮಿಷ’ ಎನ್ನುತ್ತಲೇ ಇದ್ದರು, ಪಾಪ.

ನಾನು ಗಟ್ಟಿ ಮನಸ್ಸು ಮಾಡಿ ತವರಿನ ಹೆಸರೇ ಎತ್ತಲಿಲ್ಲ. ‘ರಾಮನಗರ’ ಎಂದಷ್ಟೇ ಹೇಳಿ ಕುಳಿತೆ. ಊಟವಾದ ಮೇಲೆ ಕನಕಪುರದ ಜಯಲಕ್ಷ್ಮಿ ನನ್ನ ಹತ್ತಿರ ಬಂದರು. ಮದುವೆ ಮಂಟಪಗಳ ಅಲಂಕಾರ ಅವರ ಕೆಲಸ. ಹಾರವನ್ನು ಎಳೆದು ನೋಡಿದರು, ಬಣ್ಣ ಉಜ್ಜಿ ನೋಡಿದರು, ಬೆಲೆ ಕೇಳಿ ಮುಖ ಸಿಂಡರಿಸಿ ಚೌಕಾಸಿಗೆ ಇಳಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಹಾರಕ್ಕೂ ಒಬ್ಬರು ಚೌಕಾಸಿ ಮಾಡಿದರಲ್ಲ! ಮದುವೆ ಕಾಲಕ್ಕೆ ಬೇಕಾದ ಹಾರಗಳನ್ನೆಲ್ಲ ನಾನೇ ಕೊಡುವುದೆಂದು ಮಾತಾಯಿತು. ಅಷ್ಟರಲ್ಲಿ ಅವರಿಗೆ ಫೋನು ಬಂತು. ‘ಭಾನುವಾರ ಸೋಲೂರಿಗೆ ಬತ್ತೀನಿ ಅಂತ ಅಮ್ಮಂಗೆ ಹೇಳು’ ಎಂದರು. ನನ್ನ ತವರೂ ಸೋಲೂರೇ.

ಬಾಯಿ ಬಿಗಿಹಿಡಿದು ಮನೆಗೆ ಬಂದೆ. ಹಾರ ಪೋಣಿಸುವಾಗಲೆಲ್ಲ ಅದೇ ಯೋಚನೆ. ಸೋಲೂರಿನಲ್ಲಿ ಯಾರ ಮನೆಯವರಿರಬಹುದು? ತೆಂಗಿನ ತೋಟದವರೋ, ಡೇರಿ ಹತ್ತಿರದವರೋ? ಮೊದಲ ಕಂತಿನ ಹಾರ ಹೊತ್ತು ಕನಕಪುರಕ್ಕೆ ಹೋದೆ. ಜಯಲಕ್ಷ್ಮಿ ಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು, ಹಣವನ್ನೂ ಕೈಗಿತ್ತರು. ಎದ್ದು ಬರಬೇಕಿತ್ತು. ಬರಲಿಲ್ಲ.

‘ಸೋಲೂರಲ್ಲಿ ನೀವು ಯಾರ ಮನೆಯವರು?’ ಎಂದು ಕೇಳಿಯೇಬಿಟ್ಟೆ.

ಅವರು ಲೋಟ ಕೆಳಗಿಟ್ಟು ನಕ್ಕರು. ‘ಕೇಳ್ಬುಟ್ರಾ? ನೀವು ಪುಟ್ಟಮ್ಮನ ಮೊಮ್ಮಗಳು ಅಂತ ಅವತ್ತೇ ಗೊತ್ತಾಯ್ತು. ಮೂಗು ಹಂಗೇ ಐತೆ.’

‘ಮತ್ತೆ ಯಾಕೆ ಹೇಳ್ಲಿಲ್ಲ?’

‘ಹೇಳಿದ್ರೆ ನೀವು ಹಾರ ಪುಕ್ಕಟೆ ಕೊಡ್ಬೇಕಾಗೋದು. ನಿಮ್ಮನೇಲಿ ಮದುವೆಗೆ ಬಂದ ಮಗಳವಳೆ, ನಾನು ಮಂಟಪ ಪುಕ್ಕಟೆ ಕಟ್ಬೇಕಾಗೋದು. ಇಬ್ರೂ ಬದುಕೋದು ಬ್ಯಾಡ್ವಾ? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಆಯ್ತಾ ಮೇಡಂ?’

ಆ ‘ಮೇಡಂ’ ಕೇಳಿ ಮನಸ್ಸಿಗೆ ಒಂದು ಥರಾ ಆಯಿತು, ನಿಜ. ಆದರೂ ಎಂಥ ತಿಳಿವಳಿಕೆಯ ಹೆಂಗಸು ಎಂದು ಮೆಚ್ಚಿಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದಾಗ ಅತ್ತೆ, ‘ಆ ಕನಕಪುರದೋಳು ನಮ್ಮೋರಾ?’ ಎಂದರು. ‘ಅಲ್ಲ, ಗಿರಾಕಿ’ ಎಂದೆ. ಹಾಗೆನ್ನುವಾಗ ನನಗೇ ಹೆಮ್ಮೆಯಾಯಿತು.

ಅಷ್ಟಕ್ಕೇ ಸುಮ್ಮನಿದ್ದರೆ ನಾನೇಕೆ ಇದನ್ನು ಬರೆಯುತ್ತಿದ್ದೆ? ಪುಟ್ಟಮ್ಮನ ಮೊಮ್ಮಗಳು ಎಂದರಲ್ಲ, ಹಾಗಾದರೆ ಅವರು ನನಗೆ ಏನಾಗಬೇಕು? ಅದೊಂದನ್ನು ತಿಳಿದುಕೊಂಡರೆ ವ್ಯಾಪಾರಕ್ಕೇನು ನಷ್ಟ ಎಂದು ಸೋಲೂರಿಗೆ, ಅಮ್ಮನಿಗೆ ಫೋನು ಮಾಡಿದೆ.

‘ಜಯನಾ? ನಮ್ ದೊಡ್ಡಮ್ಮನ ಮಗಳ ಮಗಳು ಕಣೆ. ಬ್ಯಾರೆ ಊರಲ್ಲಿ ಬೆಳೆದೋಳು, ಅವರಮ್ಮ ಸೋಲೂರಿಗೆ ಬಂದಿದ್ದು ಈಗೀಗ. ನಿಂಗೆ ಅಕ್ಕ ಆಗ್ಬೇಕು!’ ಅಮ್ಮನ ದನಿಯಲ್ಲಿ ಹಬ್ಬ. ‘ಅವಳತ್ರ ದುಡ್ಡಿಸ್ಕೊಂಡ್ಯಾ? ಛೀ, ನೋಡ್ದೋರು ಏನಂದಾರು? ಹೋಗ್ಲಿ ಬುಡು, ನಿನ್ ಮಗಳ ಮಂಟಪ ಅವಳೇ ಕಟ್ತಾಳೆ, ಹಾರಕ್ಕೂ ಅದಕ್ಕೂ ಸರಿಹೋಯ್ತದೆ. ನಾನೇ ಒಂದ್ ಮಾತು ಹೇಳ್ತೀನಿ.’

‘ಬೇಡಮ್ಮ, ಬೇಡ’ ಎನ್ನುವಷ್ಟರಲ್ಲಿ ಅಮ್ಮ ಫೋನು ಇಟ್ಟಾಗಿತ್ತು. ಕೂಡಲೇ ಕನಕಪುರಕ್ಕೆ ಮಾಡಿದೆ. ‘ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ’ ಎಂದಿತು ಫೋನು. ಯಾರ ಜೊತೆ ಮಾತಾಡುತ್ತಿದ್ದಾರೆಂದು, ಜೀವನದಲ್ಲಿ ಮೊದಲ ಸಲ, ನನಗೆ ಕೇಳಬೇಕೆನಿಸಲಿಲ್ಲ.