ಕೊಸರಿಲ್ಲದ ಊಟ

ತೂಕದ ವಿಷಯದಲ್ಲಿ ಇಡೀ ಪೇಟೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನ ದಿನಸಿ ಅಂಗಡಿಯಲ್ಲಿ ಒಂದು ಕಾಳು ಕಡಿಮೆಯಿಲ್ಲ, ಒಂದು ಕಾಳು ಹೆಚ್ಚೂ ಇಲ್ಲ. ತೂಗಿದ ಮೇಲೆ ಒಂದು ಹಿಡಿ ಕೊಸರಿಗೆ ಕೈಯೊಡ್ಡುವ ಗಿರಾಕಿಗಳಿಗಾಗಿ ಗೋಡೆಗೆ ಹಲಗೆ ನೇತುಹಾಕಿದ್ದೆ: ‘ಕೊಸರು ಕೇಳಬೇಡಿ. ಕೇಳಿದರೂ ನಮಗೆ ಕೇಳಿಸುವುದಿಲ್ಲ.’ ಪೇಟೆಯವರು ನನ್ನನ್ನು ‘ಕೊಸರಿಲ್ಲದ ಸಾಹುಕಾರ’ ಎನ್ನುತ್ತಾರೆ. ನಾನದನ್ನು ಬಿರುದೆಂದೇ ಸ್ವೀಕರಿಸಿದ್ದೇನೆ.

ಇಂಥ ನನ್ನ ಹೊಟ್ಟೆಯನ್ನು ಡಾಕ್ಟರು ಗೋಣಿಚೀಲದಂತೆ ತಟ್ಟಿ ನೋಡಿದರು. “ಸಾಹುಕಾರ್ರೇ, ಇನ್ಮೇಲೆ ಸಮತೋಲನ ಆಹಾರ. ಶಕ್ತಿಗೆ ಧಾನ್ಯ, ಮೈ ಕಟ್ಟೋಕೆ ಬೇಳೆಕಾಳು, ಕಾಯಿಲೆ ತಡೆಯೋಕೆ ಸೊಪ್ಪು, ಹಣ್ಣು. ಎಣ್ಣೆ, ಸಕ್ಕರೆ ಕೈ ಬಿಗಿಹಿಡಿದು.”

“ತೋಲನ ಅಂದ್ರೆ ತೂಕ ತಾನೇ? ಅದು ನಮ್ಮ ಹೊಟ್ಟೆಪಾಡು ಬಿಡಿ.”

“ಹೊಟ್ಟೆಯ ಪಾಡು ನೋಡಿಯೇ ಹೇಳ್ತಿರೋದು.”

ಮನೆಗೆ ಬಂದವನೇ ಹೆಂಡತಿಯೆದುರು ಭೀಷಣ ಪ್ರತಿಜ್ಞೆ ಮಾಡಿದೆ. “ನೋಡೇ, ತಿಂಗಳೊಳಗೆ ಬೆಲ್ಟು ಒಂದು ತೂತು ಒಳಗೆ ಹೋಗ್ದಿದ್ರೆ ಗಲ್ಲಾಪೆಟ್ಟಿಗೆ ಬೀಗದ ಕೈ ನಿಂದು. ಅಂಗಡಿ ನೀನು ನೋಡ್ಕೋ, ಒಲೆ ಮುಂದೆ ನಾನು ನಿಲ್ತೀನಿ.”

“ಆ ಬೀಗದ ಕೈಗೆ ಸ್ವಲ್ಪ ಎಣ್ಣೆ ಹಾಕಿಡಿ. ತುಕ್ಕು ಹಿಡಿದಿದ್ರೆ ನಂಗೆ ತಿರುಗಿಸೋಕಾಗಲ್ಲ” ಎಂದಳು.

ಅಂಗಡಿಯ ಹಳೆಯ ತಕ್ಕಡಿ ಅಡುಗೆಮನೆಗೆ ಬಂತು. ಅವಳು ಎಲ್ಲವನ್ನೂ ತೂಗಿಯೇ ಬಡಿಸಿದಳು. ತಟ್ಟೆ ನೋಡಿದೆ. ಸೊಪ್ಪಿನ ಕಾಡಿನಂಚಿನಲ್ಲಿ ಅನ್ನವು ದಾರಿ ತಪ್ಪಿದ ಕುರಿಮರಿಯಂತೆ ನಿಂತಿತ್ತು.

“ಒಂಚೂರು ಅನ್ನ… ಕೊಸರು ಅಂತ…”

“ಏನೋ ಅಂದ್ರಾ? ಕೇಳಿಸ್ಲಿಲ್ಲ.”

ತಲೆಯೆತ್ತಿದೆ. ನನ್ನದೇ ಹಲಗೆ ಒಲೆಯ ಮೇಲಿನ ಗೋಡೆಯಲ್ಲಿ ನೇತಾಡುತ್ತಿತ್ತು!

ಮನೆಯಲ್ಲಿ ತೂಗಿ ಬಡಿಸಿದ್ದನ್ನಷ್ಟೇ ಉಂಡು ಎದ್ದೆ. ಆದರೆ ವ್ಯಾಪಾರಿಯಾದವನು ಮಾಲು ನೋಡದೆ ಮಾರಬಹುದೇ? ನಮ್ಮ ಕಸುಬಿನಲ್ಲಿ ಮಾಲು ನೋಡುವುದು ಬಾಯಿಯಿಂದ. ಒಂದು ಹಿಡಿ ಕಡಲೇಬೀಜ ನೋಡಿದೆ, ಪ್ರೋಟೀನು. ಖರ್ಜೂರ ನೋಡಿದೆ, ಕಬ್ಬಿಣದ ಅಂಶ. ಗೋಡಂಬಿ ಕೊಂಚ ದೀರ್ಘವಾಗಿಯೇ ನೋಡಿದೆ. ಇಷ್ಟೆಲ್ಲ ಅಗಿಯಲು ಶಕ್ತಿ ಬೇಡವೇ ಎಂದು ಕಲ್ಲುಸಕ್ಕರೆಯನ್ನೂ ವಿಚಾರಿಸಿಕೊಂಡೆ. ಇದು ಊಟವಲ್ಲ, ಉದ್ಯೋಗ. ಮನೆಯಲ್ಲಿ ಉಂಡದ್ದು ತೂಕದ್ದು, ಅಂಗಡಿಯಲ್ಲಿ ತಿಂದದ್ದು ಕೊಸರು. ಪೇಟೆಗೆ ಕೊಡದೆ ಉಳಿಸಿದ ಕೊಸರೆಲ್ಲ ನನ್ನ ಹೊಟ್ಟೆಯಲ್ಲಿ ಜಮೆಯಾಗುತ್ತಿತ್ತು.

ಗಡುವಿನ ದಿನ ಬಂತು. ಅವಳು ಸೌತೆಕಾಯಿ ತೂಗುತ್ತಿದ್ದಳು. ಕಾಯಿಯ ತಟ್ಟೆ ಕೂದಲೆಳೆಯಷ್ಟು ಮೇಲಿತ್ತು.

“ಹಾಕಿ ನೋಡೋಣ ಬೆಲ್ಟು.”

ಉಸಿರನ್ನು ಬೆನ್ನುಮೂಳೆಯವರೆಗೆ ಎಳೆದುಕೊಂಡು ಬೆಲ್ಟನ್ನು ಒಳಗಿನ ತೂತಿಗೆ ಸಿಕ್ಕಿಸಿದೆ. ನಿಂತಿತು! “ಗೆದ್ದೆ” ಎನ್ನಲು ಬಾಯಿ ತೆರೆದೆ. ಗೆಲುವಿಗಿಂತ ಮೊದಲು ಉಸಿರು ಹೊರಬಂತು. ಬೆಲ್ಟು ಪಟ್ಟೆಂದಿತು. ಪ್ಯಾಂಟಿನ ಗುಂಡಿ ಗುಂಡಿನಂತೆ ಹಾರಿ, ಪಾತ್ರೆಯ ಮುಚ್ಚಳಕ್ಕೆ ಬಡಿದು, ಸೌತೆಕಾಯಿಯ ಪಕ್ಕಕ್ಕೆ ಬಿತ್ತು. ತಕ್ಕಡಿಯ ಮುಳ್ಳು ನೆಟ್ಟಗೆ ನಡುವೆ ನಿಂತಿತು.

“ಅಂತೂ ಸಮತೋಲನ ಬಂತು ನೋಡ್ರಿ” ಎಂದಳು.

ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬೀಗದ ಕೈ ಒಪ್ಪಿಸಿದೆ.

ಮರುದಿನ ಮಧ್ಯಾಹ್ನ, ನಾನೇ ಸೀಯಿಸಿದ ಪಲ್ಯವನ್ನು ಕ್ಯಾರಿಯರಿನಲ್ಲಿಟ್ಟುಕೊಂಡು ಅಂಗಡಿಗೆ ಹೋದರೆ ಗಿರಾಕಿಗಳ ಸಾಲು ರಸ್ತೆಗೆ ಇಳಿದಿತ್ತು. ನನ್ನ ಹೆಂಡತಿ ನಗುನಗುತ್ತ ತೂಗುತ್ತಿದ್ದಳು. ತೂಗಿದ ಪ್ರತಿಯೊಂದು ಪೊಟ್ಟಣಕ್ಕೂ ಮೇಲೊಂದು ಹಿಡಿ! ಸಾಲು ಸೀಳಿಕೊಂಡು ಅವಳ ಪಕ್ಕಕ್ಕೆ ನುಗ್ಗಿದೆ.

“ಲೇ, ಕಂಡಕಂಡವರಿಗೆಲ್ಲ ಹೀಗೆ ಕೊಸರು ಹಾಕಿದ್ರೆ ಅಂಗಡಿ ಮುಳುಗಲ್ವೇನೇ?” ಎಂದು ಮೆಲ್ಲಗೆ ಕೇಳಿದೆ. ಕೇಳುತ್ತಲೇ ಕೈ ತನ್ನಷ್ಟಕ್ಕೆ ಕಡಲೇಬೀಜದ ಚೀಲಕ್ಕೆ ಹೋಗಿತ್ತು.

ಅವಳು ತಕ್ಕಡಿಯಿಂದ ಕಣ್ಣು ಕೀಳದೆ ಚೀಲದ ಬಾಯಿ ಕಟ್ಟಿದಳು.

“ಬೆಳಗಿಂದ ಇಡೀ ಪೇಟೆಗೆ ಹಂಚಿದೀನಿ ರೀ. ನೀವೊಬ್ರೇ ನೋಡ್ತಿದ್ದಷ್ಟು ಮಾಲು ಇನ್ನೂ ಖಾಲಿಯಾಗಿಲ್ಲ.”